ಅಜ್ಜಿಯ ಓಲೆ, ತಂಗಿಯ ಉಂಗುರ, ಮೂವತ್ತು ಸೆಂಟಿನ ವಜ್ರ

"ಮೂವತ್ತು ಸೆಂಟಾ? ಎಲ್ಲಿ ಬರುತ್ತೆ ಜಾಗ?" ಅಂತ ಅಜ್ಜಿ ಕೇಳಿದ್ರು, ಅಂಗಡಿಯವರಿಗೆ ನಗು ತಡೆಯೋಕಾಗ್ಲಿಲ್ಲ.

ಮಡಿಕೇರಿಯ ಒಂದು ಚಿನ್ನದ ಅಂಗಡಿ, ಹೊರಗೆ ಬಿಡದೆ ಸುರಿಯೋ ಮಳೆ, ಬಾಗಿಲ ಹತ್ರ ಬಕೆಟ್ ತುಂಬ ಛತ್ರಿ. ಚಿಕ್ಕಪ್ಪನ ಮಗಳಿಗೆ ಆಟಿ ತಿಂಗಳು ಕಳೆದ ಮೇಲೆ ನಿಶ್ಚಿತಾರ್ಥ ಅಂತ ಗೊತ್ತಾಗಿತ್ತು, ಹುಡುಗನಿಗೆ ಬೆಂಗಳೂರಲ್ಲಿ ಕೆಲಸ, ಉಂಗುರ ಬದಲಾಯಿಸ್ಬೇಕು, ಅದು ಡೈಮಂಡೇ ಆಗ್ಬೇಕು ಅಂತ ಅವಳ ಹಠ. ಸೇಲ್ಸ್ ಹುಡುಗ ಕಪ್ಪು ವೆಲ್ವೆಟ್ ಟ್ರೇ ಮೇಲೆ ಒಂದು ಉಂಗುರ ಇಟ್ಟು "ಇದು ಮೂವತ್ತು ಸೆಂಟ್ ಅಜ್ಜಿ" ಅಂದಿದ್ದ ಅಷ್ಟೇ. ನಮ್ಮ ಕಡೆ ಸೆಂಟ್ ಅಂದ್ರೆ ಜಾಗದ ಲೆಕ್ಕ, ಎಕ್ರೆಗೆ ನೂರು ಸೆಂಟ್. ವಜ್ರದಲ್ಲೂ ಹಾಗೇ, ಕ್ಯಾರೆಟ್‌ಗೆ ನೂರು ಸೆಂಟ್. ಒಂದು ಕ್ಯಾರೆಟ್ ಅಂದ್ರೆ 0.2 ಗ್ರಾಂ, ಹಾಗಾಗಿ ಆ ಕಲ್ಲಿನ ತೂಕ 0.06 ಗ್ರಾಂ, ಅಂದ್ರೆ ಒಣಗಿದ ಒಳ್ಳೆಮೆಣಸಿನ ಒಂದು ಕಾಳು ಇಟ್ಕೊಳ್ಳಿ, ಹೆಚ್ಚುಕಮ್ಮಿ ಅಷ್ಟು. (ಚಿನ್ನದ 22 ಕ್ಯಾರೆಟ್, 18 ಕ್ಯಾರೆಟ್ ಅನ್ನೋದು ಬೇರೆ, ಅದು ಶುದ್ಧತೆಯ ಲೆಕ್ಕ, ಇದು ತೂಕದ ಲೆಕ್ಕ, ಕನ್ನಡದಲ್ಲಿ ಎರಡನ್ನೂ ಒಂದೇ ಥರ ಬರಿಯೋದ್ರಿಂದ ಎಲ್ಲರಿಗೂ ಗೊಂದಲ.) ಜಾಗದ ಲೆಕ್ಕಕ್ಕೂ ಇದಕ್ಕೂ ಒಂದು ವ್ಯತ್ಯಾಸ ಇದೆ ನೋಡಿ. ತೋಟ ಎಕ್ರೆಗಟ್ಲೆ ಕೊಂಡ್ರೆ ಸೆಂಟ್‌ಗೆ ಕಮ್ಮಿ ಬೀಳುತ್ತೆ, ಪೇಟೆಯಲ್ಲಿ ಐದು ಸೆಂಟ್ ಸೈಟ್ ಅಂದ್ರೆ ಸೆಂಟಿನ ರೇಟ್ ಆಕಾಶಕ್ಕೆ ಹೋಗುತ್ತೆ. ವಜ್ರದಲ್ಲಿ ಉಲ್ಟಾ. ಕಲ್ಲು ದೊಡ್ಡದಾದಷ್ಟೂ ಪ್ರತಿ ಸೆಂಟಿನ ರೇಟೂ ಏರುತ್ತೆ, ಯಾಕಂದ್ರೆ ದೊಡ್ಡ ಕಲ್ಲು ಸಿಗೋದೇ ಅಪರೂಪ, ಅದ್ಕೆ ಅರ್ಧ ಕ್ಯಾರೆಟ್‌ನ ಎರಡು ಕಲ್ಲಿಗಿಂತ ಅದೇ ಕ್ವಾಲಿಟಿಯ ಒಂದು ಕ್ಯಾರೆಟ್‌ನ ಒಂಟಿ ಕಲ್ಲು ಎಷ್ಟೋ ದುಬಾರಿ.

ಅಜ್ಜಿ ಬಿಡ್ಲಿಲ್ಲ. "ಸರಿ ಮಗ, ನಾಳೆ ಇದು ಬೇಡ ಅಂತ ವಾಪಸ್ ತಂದ್ರೆ ಎಷ್ಟು ಕೊಡ್ತೀಯ?" ಹುಡುಗ ಓನರ್ ಮುಖ ನೋಡಿದ. ಓನರ್ ಗಂಟಲು ಸರಿ ಮಾಡ್ಕೊಂಡು, ನಮ್ಮ ಬಿಲ್ಲು ಸರ್ಟಿಫಿಕೇಟು ಇದ್ರೆ ತಗೋತೀವಿ ಅಜ್ಜಿ, ಕಲ್ಲಿಗೆ ಇಂತಿಷ್ಟು ಪರ್ಸೆಂಟ್ ಕಳೀತೀವಿ, ಚಿನ್ನಕ್ಕಾದ್ರೆ ಅವತ್ತಿನ ರೇಟು ಅಂದ್ರು. ಅಜ್ಜಿ "ಹ್ಞೂಂ" ಅಂದು ತಂಗಿ ಕಡೆ ತಿರುಗಿ ನೋಡಿದ್ರು, ಆ ನೋಟದಲ್ಲೇ ಎಲ್ಲಾ ಇತ್ತು.

ಮಜಾ ಏನಂದ್ರೆ ಅಜ್ಜಿ ಕಿವಿಯಲ್ಲಿ ಆಗ್ಲೂ ಇದ್ದಿದ್ದು ಏಳು ಕಲ್ಲಿನ ವಜ್ರದ ಓಲೆ. 1964ರಲ್ಲಿ ಮದುವೆಗೆ ಅವರಮ್ಮ ಹಾಕಿದ್ದು, ಅವತ್ತಿಂದ ತೊಳೆಯೋಕೆ ಬಿಟ್ರೆ ತೆಗೆದವರಲ್ಲ. ಕಾಫಿ ರೇಟ್ ನೆಲಕ್ಕೆ ಬಿದ್ದ ವರ್ಷ ಬಳೆ ಹೋಯ್ತು, ಸರ ಹೋಯ್ತು, ಓಲೆ ಹೋಗ್ಲಿಲ್ಲ. ಮಾರಿದ್ರೆ ಏನೂ ಬರಲ್ಲ ಅನ್ನೋ ವಸ್ತುನ ಲೆಕ್ಕಾಚಾರದ ಹೆಂಗಸೊಬ್ರು ಅರವತ್ತು ವರ್ಷ ಕಿವಿಯಲ್ಲಿಟ್ಕೊಂಡು ತಿರುಗಾಡ್ತಾರೆ ಅಂದ್ರೆ ಈ ಕಲ್ಲಲ್ಲಿ ಏನಿದೆ ಅಂತ ನನಗೆ ಅವತ್ತಿಂದ ಹುಳ ಬಿಡ್ತು, ಓದಿದ್ದು, ಕೇಳಿದ್ದು, ನಮ್ಮ ಅಕ್ಕಸಾಲಿ ಆಚಾರ್ರ ಹತ್ರ ಕೂತು ನೋಡಿದ್ದು ಎಲ್ಲಾ ಸೇರಿಸಿ ಇಲ್ಲಿ ಬರೀತಿದ್ದೀನಿ.

ಮೊದಲು ಒಂದು ತಪ್ಪು ಕಲ್ಪನೆ ತೆಗೆದುಬಿಡೋಣ. "ಒತ್ತಡ ತಡ್ಕೊಂಡ ಕಲ್ಲಿದ್ದಲೇ ವಜ್ರ ಆಗೋದು" ಅಂತ ಗುಡ್ ಮಾರ್ನಿಂಗ್ ಮೆಸೇಜಲ್ಲಿ ಬರುತ್ತಲ್ಲ, ಕೇಳೋಕೆ ಚೆನ್ನಾಗಿದೆ, ಆದ್ರೆ ಸುಳ್ಳು. ಕಲ್ಲಿದ್ದಲು ಆಗ್ಬೇಕಂದ್ರೆ ಗಿಡಮರ ಬೇಕು, ವಜ್ರಗಳಲ್ಲಿ ಬಹುಪಾಲು ಹುಟ್ಟಿದಾಗ ಭೂಮಿ ಮೇಲೆ ಗಿಡಮರ ಅನ್ನೋದೇ ಇರಲಿಲ್ಲ, ನೂರರಿಂದ ಮುನ್ನೂರು ಕೋಟಿ ವರ್ಷದಷ್ಟು ಹಳೇವು ಅವು. ಎರಡೂ ಇಂಗಾಲವೇ ಹೌದು, ಸಂಬಂಧ ಅಷ್ಟಕ್ಕೇ ಮುಗೀತು. ನೆಲದಿಂದ ಸುಮಾರು 150 ಕಿಲೋಮೀಟರ್‌ಗಿಂತ ಆಳದಲ್ಲಿ, ಸಾವಿರ ಡಿಗ್ರಿಯ ಆಸುಪಾಸಿನ ಬಿಸಿಯಲ್ಲಿ, ಇಂಗಾಲದ ಪ್ರತಿ ಪರಮಾಣು ಪಕ್ಕದ ನಾಲ್ಕರ ಕೈ ಗಟ್ಟಿಯಾಗಿ ಹಿಡ್ಕೊಂಡು ನಿಂತುಬಿಡುತ್ತೆ, ಎಲ್ಲಾ ದಿಕ್ಕಲ್ಲೂ ಅದೇ ಬಿಗಿ, ಅದ್ಕೆ ಅಷ್ಟು ಗಟ್ಟಿ. ಪೆನ್ಸಿಲ್ ಸೀಸದಲ್ಲಿರೋ ಗ್ರಾಫೈಟ್ ಕೂಡ ಇದೇ ಇಂಗಾಲ, ಆದ್ರೆ ಅಲ್ಲಿ ಪದರ ಪದರವಾಗಿ ಕೂತಿರುತ್ತೆ, ಒಂದರ ಮೇಲೊಂದು ಜಾರುತ್ತೆ, ಹಾಗಾಗಿ ಪೇಪರ್ ಮೇಲೆ ಉಳ್ಕೊಳ್ಳುತ್ತೆ. ಆಮೇಲೆ ಯಾವತ್ತೋ ಜ್ವಾಲಾಮುಖಿಯಂಥ ಸ್ಫೋಟ ಆ ಕಲ್ಲುಗಳನ್ನ ಮೇಲಕ್ಕೆ ತಂದು ಹಾಕಿದೆ, ಹಾಗೆ ಹೊತ್ಕೊಂಡು ಬಂದ ಬಂಡೆಗೆ ಕಿಂಬರ್ಲೈಟ್ ಅಂತ ಹೆಸರು, ದಕ್ಷಿಣ ಆಫ್ರಿಕಾದ ಕಿಂಬರ್ಲಿ ಊರಿಂದ ಬಂದಿದ್ದು.

ಗಟ್ಟಿ ಅಂದೆ, ಆದ್ರೆ ಗಟ್ಟಿ ಬೇರೆ, ಒಡೆಯದೇ ಇರೋದು ಬೇರೆ. ವಜ್ರದ ಮೇಲೆ ಗೀರು ಹಾಕೋಕೆ ಇನ್ನೊಂದು ವಜ್ರವೇ ಬೇಕು ಅನ್ನೋದು ನಿಜ, ಗಟ್ಟಿತನದ ಮೋಸ್ ಅಳತೆಯಲ್ಲಿ ಅದಕ್ಕೆ 10ಕ್ಕೆ 10. ಆದ್ರೆ ಸುತ್ತಿಗೆ ತಗೊಂಡು ಸರಿಯಾದ ಕಡೆ ಹೊಡೆದ್ರೆ ಎರಡು ಹೋಳು, ಸೌದೆಗೆ ಸೀಳು ಇರೋ ಥರ ಇದಕ್ಕೂ ಸೀಳೋ ದಿಕ್ಕು ಅಂತ ಇದೆ. "ನಿಜವಾದ ವಜ್ರ ಸುತ್ತಿಗೆಗೆ ಒಡೆಯಲ್ಲ" ಅನ್ನೋ ಟೆಸ್ಟ್ ನಂಬಿ ಒಳ್ಳೊಳ್ಳೆ ಕಲ್ಲು ಪುಡಿ ಮಾಡ್ಕೊಂಡವರಿದ್ದಾರಂತೆ ಹಿಂದೆ. ಸುಟ್ರೆ ಉರಿದೂ ಹೋಗುತ್ತೆ. 1772ರಲ್ಲಿ ಫ್ರಾನ್ಸಿನ ಲವೋಸಿಯೇ ದೊಡ್ಡ ಮಸೂರ ಹಿಡಿದು ಬಿಸಿಲಲ್ಲೇ ವಜ್ರ ಸುಟ್ಟು ತೋರಿಸಿದ್ದ, 1797ರಲ್ಲಿ ಇಂಗ್ಲೆಂಡಿನ ಸ್ಮಿತ್ಸನ್ ಟೆನ್ನೆಂಟ್ ಇದು ಬರೀ ಇಂಗಾಲ ಅಂತ ಪ್ರೂವ್ ಮಾಡಿದ.

ಇನ್ನು ಹೊಳಪು. ಮಳೆಗಾಲದಲ್ಲಿ ಕೆಸದ ಎಲೆ ಮೇಲೆ ನೀರಿನ ಹನಿ ನೋಡಿದ್ದೀರಲ್ಲ, ಅಡಿಯಿಂದ ಬೆಳ್ಳಿ ಹಚ್ಚಿದ ಹಾಗೆ ಫಳಫಳ ಅನ್ನುತ್ತೆ. ಎಲೆಗೂ ಹನಿಗೂ ಮಧ್ಯೆ ತೆಳು ಗಾಳಿ ಸಿಕ್ಕಿಹಾಕ್ಕೊಂಡಿರುತ್ತೆ, ಹನಿಯೊಳಗೆ ಹೋದ ಬೆಳಕು ಓರೆಯಾಗಿ ಆ ಗಾಳಿ ಪದರಕ್ಕೆ ಬಡಿದು ಆಚೆ ಹೋಗೋಕಾಗದೆ ವಾಪಸ್ ಬರುತ್ತೆ, ಅದೇ ಬೆಳ್ಳಿ. ವಜ್ರ ಮಾಡೋದೂ ಇದನ್ನೇ, ಇನ್ನೂ ಜೋರಾಗಿ. ನೀರು ಬೆಳಕನ್ನ ಬಗ್ಗಿಸೋದು 1.33 ಅಂತ ಲೆಕ್ಕ, ವಜ್ರ 2.42. ಒಳಗೆ ಹೋದ ಬೆಳಕು ಹಿಂದಿನ ಮುಖಕ್ಕೆ ಸುಮಾರು 24 ಡಿಗ್ರಿಗಿಂತ ಸ್ವಲ್ಪ ಓರೆಯಾಗಿ ಬಡಿದ್ರೂ ಸಾಕು, ಹೊರಗೆ ದಾರಿ ಇಲ್ಲ, ತಿರುಗಿ ನಿಮ್ಮ ಕಣ್ಣಿಗೇ ಬರ್ಬೇಕು. ಬರೋವಾಗ ಬಣ್ಣಬಣ್ಣವಾಗಿ ಸೀಳ್ಕೊಂಡೂ ಬರುತ್ತೆ. ಆದ್ರೆ ಇದೆಲ್ಲ ಆಗೋದು ಕಟಿಂಗ್ ಸರಿ ಇದ್ರೆ ಮಾತ್ರ. ಮಣ್ಣಿಂದ ತೆಗೆದ ವಜ್ರ ನೋಡೋಕೆ ಜಿಡ್ಡು ಹಿಡಿದ ಗಾಜಿನ ಚೂರು, ನಮ್ಮ ಗದ್ದೆ ಬದುವಲ್ಲಿ ಬಿದ್ದಿದ್ರೂ ದಾಟ್ಕೊಂಡು ಹೋಗ್ತಿದ್ವಿ. 1919ರಲ್ಲಿ ಮಾರ್ಸೆಲ್ ಟೋಲ್ಕೋವ್ಸ್ಕಿ ಅನ್ನೋರು ಯಾವ ಮುಖ ಎಷ್ಟು ಓರೆ ಇದ್ರೆ ಬೆಳಕು ಸೋರಲ್ಲ ಅಂತ ಲೆಕ್ಕ ಹಾಕಿ ಬರೆದ್ರು, ಇವತ್ತಿನ ಗುಂಡು ಕಲ್ಲಿನ 57-58 ಮುಖಗಳ ಕಟಿಂಗ್ ಆ ಲೆಕ್ಕದ ಮೇಲೇ ಬೆಳೆದಿರೋದು.

ಕಟಿಂಗ್ ಅಂದ್ರೆ ಕಳ್ಕೊಳ್ಳೋದು. ಕಾಫಿಯವರಿಗೆ ಇದು ಬೇಗ ಅರ್ಥ ಆಗುತ್ತೆ. 50 ಕೆಜಿ ರೊಬಸ್ಟಾ ಚೆರಿ ಮೂಟೆ ಹಾಕಿದ್ರೆ ಸಿಪ್ಪೆ ಹೋಗಿ 26-27 ಕೆಜಿ ಬೀಜ ಬಂದ್ರೆ ಔಟ್‌ಟರ್ನ್ ಪರವಾಗಿಲ್ಲ ಅಂತೀವಲ್ಲ, ವಜ್ರಕ್ಕೂ ಔಟ್‌ಟರ್ನ್ ಇದೆ, ಕಚ್ಚಾ ಕಲ್ಲಿನ ಅರ್ಧ ತೂಕ, ಕೆಲವು ಸಲ ಅದಕ್ಕಿಂತ ಜಾಸ್ತಿ, ಪುಡಿಯಾಗಿ ಹೋಗೋದು ಮಾಮೂಲಿ. ಹಳೇ ಕಾಲದ ನಮ್ಮವರಿಗೆ ಅದು ಸಹಿಸ್ತಾ ಇರಲಿಲ್ಲ, ತೂಕ ಉಳಿಸ್ಕೊಂಡು ಮೇಲ್ಮೇಲೆ ಮುಖ ತೆಗೀತಿದ್ರು. ಕೊಹಿನೂರ್ ಹಾಗಿತ್ತು, ಇವತ್ತಿನ ಲೆಕ್ಕದಲ್ಲಿ 191 ಕ್ಯಾರೆಟ್. 1851ರಲ್ಲಿ ಲಂಡನ್ನಿನ ದೊಡ್ಡ ಎಕ್ಸಿಬಿಷನ್‌ನಲ್ಲಿ ಇಟ್ರೆ ಜನ ಕ್ಯೂ ನಿಂತು ನೋಡಿ, ಇಷ್ಟೇನಾ, ಗಾಜಿನ ಥರ ಇದೆಯಲ್ಲ ಅಂತ ಮುಖ ಸಣ್ಣ ಮಾಡ್ಕೊಂಡು ಹೋದ್ರು. ರಾಣಿ ವಿಕ್ಟೋರಿಯಾಳ ಗಂಡ ಆಲ್ಬರ್ಟ್‌ಗೆ ಅವಮಾನ ಆದಂಗಾಯ್ತು, 1852ರಲ್ಲಿ ಮತ್ತೆ ಕಟ್ ಮಾಡಿಸಿದ, 105.6 ಕ್ಯಾರೆಟ್ ಉಳೀತು. ಲೆಕ್ಕ ಹಾಕಿ, ಔಟ್‌ಟರ್ನ್ ನೂರಕ್ಕೆ ಐವತ್ತೈದರ ಹತ್ರ, ನಮ್ಮ ಒಳ್ಳೆ ರೊಬಸ್ಟಾಗಿಂತ ಸ್ವಲ್ಪ ಮೇಲೆ!

ಕೊಹಿನೂರ್ ಅಂದಮೇಲೆ ಕೊಡಗಿನವರು ಇಲ್ಲೊಂದು ನಿಮಿಷ ನಿಲ್ಲಲೇಬೇಕು. ಅದೇ 1852ರಲ್ಲಿ ನಮ್ಮ ಕೊನೇ ರಾಜ ಚಿಕ್ಕವೀರರಾಜೇಂದ್ರ ಲಂಡನ್‌ಗೆ ಹೋಗಿದ್ದ. 1834ರಲ್ಲಿ ಇಂಗ್ಲಿಷರು ಮಡಿಕೇರಿಯ ಗದ್ದುಗೆಯಿಂದ ಇಳಿಸಿ ಮೊದಲು ವೆಲ್ಲೂರು ಆಮೇಲೆ ಕಾಶಿಗೆ ಕಳಿಸಿದ್ರಲ್ಲ, ಕಂಪನಿಯವರ ಹತ್ರ ಸಿಕ್ಕಿಕೊಂಡಿದ್ದ ತನ್ನ ದುಡ್ಡು ಕೇಳೋಕೆ ಅಂತ ಹೋಗಿದ್ದು. ಜೊತೆಗೆ ಮಗಳು ಗೌರಮ್ಮ, ಹನ್ನೊಂದು ವರ್ಷದ ಹುಡುಗಿ. ಅವಳಿಗೆ ಅಲ್ಲಿ ಬ್ಯಾಪ್ಟಿಸಂ ಆಯ್ತು, ರಾಣಿನೇ ಧರ್ಮಮಾತೆಯಾಗಿ ನಿಂತು ತನ್ನ ಹೆಸರನ್ನೇ ಇಟ್ಲು, ವಿಕ್ಟೋರಿಯಾ ಗೌರಮ್ಮ. ರಾಣಿಗೆ ಇನ್ನೊಂದು ಆಸೆ ಇತ್ತು, ಈ ಹುಡುಗಿನ ಪಂಜಾಬಿನ ದುಲೀಪ್ ಸಿಂಗ್‌ಗೆ ಮದುವೆ ಮಾಡ್ಬೇಕು ಅಂತ. ದುಲೀಪ್ ಸಿಂಗ್ ಯಾರು ಅಂದ್ರೆ, 1849ರಲ್ಲಿ ಹತ್ತು ವರ್ಷದ ಹುಡುಗನಾಗಿದ್ದಾಗ ಲಾಹೋರ್ ಒಪ್ಪಂದಕ್ಕೆ ಸಹಿ ಹಾಕಿಸ್ಕೊಂಡು ಯಾರ ಕೈಯಿಂದ ಕೊಹಿನೂರ್ ಕಿತ್ಕೊಂಡ್ರೋ ಅವನೇ. 1854ರಲ್ಲಿ ಅರಮನೆಯಲ್ಲಿ ಅವನ ಚಿತ್ರ ಬರೆಸ್ತಿದ್ದಾಗ ರಾಣಿ ಆ ಕಲ್ಲನ್ನ ಅವನ ಕೈಗೆ ಕೊಟ್ಟು ತೋರಿಸಿದ್ಲು, ಕಿಟಕಿ ಹತ್ರ ಹೋಗಿ ತಿರುಗಿಸಿ ತಿರುಗಿಸಿ ನೋಡಿ ವಾಪಸ್ ಅವಳ ಕೈಗೇ ಕೊಟ್ಟ. ಮದುವೆ ಮಾತ್ರ ಆಗ್ಲಿಲ್ಲ. ಗೌರಮ್ಮ 1860ರಲ್ಲಿ ಕರ್ನಲ್ ಕ್ಯಾಂಪ್‌ಬೆಲ್ ಅನ್ನೋ ತನಗಿಂತ ತುಂಬ ದೊಡ್ಡವನನ್ನ ಮದುವೆಯಾಗಿ 1864ರಲ್ಲಿ, ಇಪ್ಪತ್ಮೂರು ತುಂಬೋಕೂ ಮುಂಚೆ ತೀರ್ಕೊಂಡ್ಲು. ಕಿತ್ಕೊಂಡ ಕಲ್ಲನ್ನ ಕಳ್ಕೊಂಡವನ ಕೈಯಲ್ಲೇ ಉಡುಗೊರೆ ಥರ ಕೊಡಿಸ್ಕೊಳ್ಳೋದು, ವಜ್ರಕ್ಕಿರೋ ಅರ್ಥಗಳಲ್ಲಿ ಇದೂ ಒಂದು, ಜ್ಯುವೆಲ್ಲರಿ ಅಡ್ವರ್ಟೈಸ್‌ಮೆಂಟಲ್ಲಿ ಬರಲ್ಲ ಅಷ್ಟೇ.

ಪ್ರೀತಿ, ದಾಂಪತ್ಯ ಅನ್ನೋದೆಲ್ಲ ವಜ್ರಕ್ಕೆ ತುಂಬಾ ಆಮೇಲೆ ಅಂಟ್ಕೊಂಡಿದ್ದು. ನಮ್ಮಲ್ಲಿ ವಜ್ರ ಅಂದ್ರೆ ಮೊದಲು ನೆನಪಾಗೋದು ಇಂದ್ರನ ಆಯುಧ, ದಧೀಚಿ ಋಷಿಯ ಬೆನ್ನುಮೂಳೆಯಿಂದ ಮಾಡಿದ್ದು. ವಜ್ರಕಾಯ, ವಜ್ರಮುಷ್ಟಿ ಅಂತೆಲ್ಲ ಮಾತಲ್ಲಿ ಬರೋದು ಮುರಿಯಲ್ಲ ಅನ್ನೋ ಅರ್ಥಕ್ಕೇ. ಗ್ರೀಕರೂ ಇದನ್ನ ಅಡಮಾಸ್ ಅಂದ್ರು, ಗೆಲ್ಲೋಕಾಗದ್ದು ಅಂತ, ಡೈಮಂಡ್ ಅನ್ನೋ ಪದ ಅಲ್ಲಿಂದಲೇ ಇಳಿದಿದ್ದು. ಅಂದ್ರೆ ಮೊದಲು ಇದು ಗಂಡಸರ, ರಾಜರ, ದೇವರ ಕಲ್ಲು. ಮೇಲುಕೋಟೆಯ ವೈರಮುಡಿ ನೆನಪಿಸ್ಕೊಳ್ಳಿ, ವೈರ ಅಂದ್ರೆ ವಜ್ರ, ವಜ್ರದ ಕಿರೀಟ. ಮಂಡ್ಯದ ಖಜಾನೆಯಿಂದ ಪೊಲೀಸ್ ಬಂದೋಬಸ್ತಲ್ಲಿ ಬರುತ್ತೆ, ಹಗಲು ಬೆಳಕಿಗೆ ತೋರಿಸಬಾರದು ಅನ್ನೋ ನಂಬಿಕೆ, ರಾತ್ರಿ ಉತ್ಸವದಲ್ಲೇ ಚೆಲುವನಾರಾಯಣನ ತಲೆ ಮೇಲೆ. ಬೆಳಕಿಗೇ ಹುಟ್ಟಿದ ಕಲ್ಲನ್ನ ಬೆಳಕಿಂದ ಬಚ್ಚಿಡೋದು, ಇದಕ್ಕಿಂತ ಚೆಂದದ ಮರ್ಯಾದೆ ಇಲ್ಲ ಅನ್ಸುತ್ತೆ ನನಗೆ.

ಹಳೇ ರತ್ನಶಾಸ್ತ್ರದವರು ಕಲ್ಲಿಗೂ ಜಾತಿ ಹಂಚಿಬಿಟ್ಟಿದ್ರು. ಆರನೇ ಶತಮಾನದ ವರಾಹಮಿಹಿರನ ಬೃಹತ್ಸಂಹಿತೆಯಲ್ಲಿ ವಜ್ರಪರೀಕ್ಷೆಗೆ ಅಂತಲೇ ಒಂದು ಅಧ್ಯಾಯ ಇದೆ, ಬಿಳೀದು ಬ್ರಾಹ್ಮಣರಿಗೆ, ಕಪ್ಪು ಛಾಯೆದು ಶೂದ್ರರಿಗೆ, ಹೀಗೆ. ಕಲ್ಲೊಳಗೆ ಕಾಗೆ ಕಾಲಿನ ಥರ ಗೀಟು ಇದ್ರೆ ಕಾಕಪದ ಅಂತ ದೋಷ. ಇವತ್ತು ಅದನ್ನೇ ಕ್ಲಾರಿಟಿ ಅಂತಾರೆ, ಹತ್ತು ಪಟ್ಟು ದೊಡ್ಡದು ಮಾಡೋ ಲೆನ್ಸ್ ಹಿಡಿದು ನೋಡಿ ವಿವಿಎಸ್, ವಿಎಸ್, ಎಸ್ಐ ಅಂತ ಗ್ರೇಡ್ ಹಾಕ್ತಾರೆ, ಬಣ್ಣಕ್ಕೆ ಡಿ ಇಂದ ಝಡ್ ವರೆಗೆ, ಡಿ ಅಂದ್ರೆ ಬಣ್ಣವೇ ಇಲ್ಲ, ಕೆಳಗೆ ಹೋದಷ್ಟೂ ಹಳದಿ. ಹಳದಿ ಬರೋದು ಕಲ್ಲೊಳಗೆ ಸೇರ್ಕೊಂಡ ನೈಟ್ರೋಜನ್‌ನಿಂದ, ನೀಲಿ ಬೋರಾನ್‌ನಿಂದ. ನಮ್ಮ ಕಾಫಿಯಲ್ಲಿ ಜರಡಿ ಹಿಡಿದು ಎಎ, ಎ, ಬಿ, ಪಿಬಿ ಅಂತ ಬೇರೆ ಮಾಡ್ತೀವಲ್ಲ, ಕುಡಿಯೋವನಿಗೆ ಲೋಟದಲ್ಲಿ ಯಾವ ಗ್ರೇಡು ಅಂತ ಗೊತ್ತಾಗುತ್ತಾ? ಕಲ್ಲಲ್ಲೂ ಅಷ್ಟೇ, ಬರಿಗಣ್ಣಿಗೆ ಕಾಣದ ವ್ಯತ್ಯಾಸಕ್ಕೆ ರೇಟ್ ಮಾತ್ರ ಕಣ್ಣಿಗೆ ರಾಚೋಷ್ಟು. ಅಂಗಡಿಯಲ್ಲಿ "ಇಎಫ್ ವಿವಿಎಸ್" ಅಂತ ಮಂತ್ರದ ಥರ ಹೇಳ್ತಾರಲ್ಲ, ಅದು ಇದೇ ಬಣ್ಣ, ಕ್ಲಾರಿಟಿಯ ಗ್ರೇಡು. ನನ್ನ ಕೇಳಿದ್ರೆ ಕಟಿಂಗ್‌ಗೆ ದುಡ್ಡು ಕೊಡಿ, ಕ್ಲಾರಿಟಿಯಲ್ಲಿ ಒಂದೆರಡು ಮೆಟ್ಟಿಲು ಇಳಿದ್ರೂ ಏನೂ ಮುಳುಗಲ್ಲ.

1720ರ ದಶಕದಲ್ಲಿ ಬ್ರೆಜಿಲ್‌ನಲ್ಲಿ ಸಿಗೋವರೆಗೂ ಪ್ರಪಂಚಕ್ಕೆ ವಜ್ರ ಅಂದ್ರೆ ಹೆಚ್ಚುಕಮ್ಮಿ ನಮ್ಮ ದಕ್ಷಿಣದ್ದೇ. ಕೃಷ್ಣಾ ನದಿ ದಡದ ಕೊಲ್ಲೂರು ಗಣಿ (ಮೂಕಾಂಬಿಕೆ ಕೊಲ್ಲೂರಲ್ಲ, ಅದು ಆಂಧ್ರದ್ದು), ವಿಜಯನಗರದವರ ಕೈಯಲ್ಲಿದ್ದ ವಜ್ರಕರೂರು. ಈಗ್ಲೂ ಅನಂತಪುರ, ಕರ್ನೂಲು ಕಡೆ ಮುಂಗಾರು ಮಳೆ ಬಿದ್ದು ಮಣ್ಣು ತೊಳೆದು ಹೋದ ಮೇಲೆ ಜನ ಹೊಲದಲ್ಲಿ ಬಗ್ಗಿ ಬಗ್ಗಿ ವಜ್ರ ಹುಡುಕ್ತಾರೆ. ನಮ್ಮ ಕೊಡಗಲ್ಲಿ ವಜ್ರ ಇಲ್ಲ, ನಿಶಾನಿ ಮೊಟ್ಟೆ ಕಡೆ ಕಾಡಲ್ಲಿ ಕದ್ದು ಅಗೆದು ಸಿಕ್ಕಿಬಿದ್ರು ಅಂತ ಪೇಪರಲ್ಲಿ ಬರೋದೆಲ್ಲ ಕೆಂಪು ಹರಳು ಕಲ್ಲು.

ಅಲ್ಲಿಂದ ನಿಶ್ಚಿತಾರ್ಥದ ಉಂಗುರಕ್ಕೆ ಹೇಗೆ ಬಂತು? 1477ರಲ್ಲಿ ಆಸ್ಟ್ರಿಯಾದ ಮ್ಯಾಕ್ಸಿಮಿಲಿಯನ್ ಬರ್ಗಂಡಿಯ ಮೇರಿಗೆ ವಜ್ರದ ಉಂಗುರ ಕೊಟ್ಟ ಅಂತ ಎಲ್ಲಾ ಕಡೆ ಹೇಳ್ತಾರೆ, ಹೌದು, ಆದ್ರೆ ಅದು ರಾಜಮನೆತನದ ಮಾತು, ಊರಿನವರಿಗೆ ಸಂಬಂಧ ಇಲ್ಲ. ಊರಿನವರಿಗೆ ಬಂದಿದ್ದು ದಕ್ಷಿಣ ಆಫ್ರಿಕಾದಲ್ಲಿ 1860ರ ದಶಕದ ಕೊನೆಗೆ ವಜ್ರ ಸಿಕ್ಕಿ, ಸಿಕ್ಕಿ, ರಾಶಿ ಬಿದ್ದ ಮೇಲೆ. ರಾಶಿ ಬಿದ್ರೆ ರೇಟ್ ಏನಾಗುತ್ತೆ ಅಂತ ಒಳ್ಳೆಮೆಣಸು ಬೆಳೆಯೋವ್ರಿಗೆ ಹೇಳ್ಕೊಡ್ಬೇಕಾ? 1888ರಲ್ಲಿ ಸೆಸಿಲ್ ರೋಡ್ಸ್ ಗಣಿಗಳನ್ನೆಲ್ಲ ಸೇರಿಸಿ ಡಿ ಬಿಯರ್ಸ್ ಕಂಪನಿ ಮಾಡಿದ, ಇಪ್ಪತ್ತನೇ ಶತಮಾನದ ಬಹುಭಾಗ ಎಷ್ಟು ಕಲ್ಲು ಮಾರ್ಕೆಟ್‌ಗೆ ಬಿಡ್ಬೇಕು ಅನ್ನೋದು ಅವರ ಕೈಲೇ ಇತ್ತು, ಗೋಡೌನಲ್ಲಿ ಇಟ್ಕೊಂಡು ಬೇಕಾದಷ್ಟೇ ಬಿಡೋದು. ಇನ್ನೊಂದು ಕಡೆಯಿಂದ ಆಸೆ ಬೆಳೆಸೋ ಕೆಲಸ. 1947ರಲ್ಲಿ ಅವರ ಜಾಹೀರಾತು ಏಜೆನ್ಸಿಯ ಫ್ರಾನ್ಸಿಸ್ ಗೆರೆಟಿ ಅನ್ನೋ ಹೆಂಗಸು, ವಜ್ರ ಅಂದ್ರೆ ಎಂದೆಂದಿಗೂ ಅನ್ನೋ ಅರ್ಥದ ನಾಲ್ಕು ಪದದ ಸಾಲು ಬರೆದ್ಲು. ಅವಳು ಜೀವನದಲ್ಲಿ ಮದುವೆನೇ ಆಗ್ಲಿಲ್ಲ ಅನ್ನೋದು ಬೇರೆ ಮಾತು. ಆ ಸಾಲು ಎರಡು ಕೆಲಸ ಮಾಡ್ತು ನೋಡಿ. ಪ್ರೀತಿ ಎಂದೆಂದಿಗೂ ಅಂತ ಹುಡುಗಿಗೆ ಹೇಳ್ತು, ಎಂದೆಂದಿಗೂ ಇಟ್ಕೊಳ್ಳಿ, ಮಾರಬೇಡಿ ಅಂತ ಮನೆಯವರಿಗೂ ಹೇಳ್ತು. ಎಲ್ಲರೂ ಹಳೇ ಕಲ್ಲು ತಂದು ಮಾರೋಕೆ ಶುರು ಮಾಡಿದ್ರೆ ಹೊಸ ಕಲ್ಲಿನ ರೇಟ್ ನಿಲ್ತಿತ್ತಾ? ಜಪಾನಲ್ಲಿ 1967ರಲ್ಲಿ ನೂರಕ್ಕೆ ಐದು ಮದುಮಗಳಿಗೂ ವಜ್ರದ ಉಂಗುರ ಇರಲಿಲ್ಲ, 1981ರ ಹೊತ್ತಿಗೆ ನೂರಕ್ಕೆ ಅರವತ್ತು. ಹದಿನಾಲ್ಕು ವರ್ಷದಲ್ಲಿ ಒಂದು "ಸಂಪ್ರದಾಯ" ರೆಡಿ.

ನನ್ನ ಕೊಡವ ಫ್ರೆಂಡ್ ಮದುವೆಗೆ ಹೋದಾಗ ಇದೇ ಯೋಚನೆ ಬಂತು. ಪುರೋಹಿತರಿಲ್ಲ, ಅಗ್ನಿ ಇಲ್ಲ, ಹಿರಿಯರು ಅಕ್ಕಿ ಹಾಕಿ ಆಶೀರ್ವಾದ ಮಾಡೋದು. ಅವಳ ಕತ್ತಲ್ಲಿ ಜೋಮಾಲೆ, ಅರ್ಧಚಂದ್ರದ ಕೊಕ್ಕೆತಾತಿ, ಸುತ್ತ ಸಣ್ಣ ಮುತ್ತು, ಮಧ್ಯೆ ಕೆಂಪು ಕಲ್ಲು, ಆಮೇಲೆ ಅವರ ತಾಳಿಯಂಥ, ನಾಗರಹೆಡೆ ಇರೋ ಪತ್ತಾಕ್, ಅದನ್ನ ಕಟ್ಟೋದು ಗಂಡ ಅಲ್ಲ, ತಾಯಿ. ದೂರದಿಂದ ನೋಡಿದ್ರೂ ಇವಳು ಯಾರ ಕಡೆಯವಳು, ಮದುವೆ ಆಗಿದೆಯಾ ಅಂತ ಆಕಾರವೇ ಹೇಳಿಬಿಡುತ್ತೆ, ಕಲ್ಲು ಅಸಲಿಯೋ ನಕಲಿಯೋ ಯಾರೂ ಕೇಳಲ್ಲ. ಆದ್ರೆ ರಿಸೆಪ್ಷನ್‌ನಲ್ಲಿ ಎಲ್ಲಾ ಹುಡುಗಿಯರೂ ಎಡಗೈ ಹಿಡಿದು ನೋಡಿದ್ದು ಉಂಗುರದ ವಜ್ರ, ಕೇಳಿದ್ದು "ಎಷ್ಟು ಕ್ಯಾರೆಟ್?" ಪತ್ತಾಕ್‌ಗೆ ಆ ಪ್ರಶ್ನೆ ಬರಲ್ಲ. ಹಾಗಂತ ಉಂಗುರ ಕೆಟ್ಟದ್ದು ಅಂತಲ್ಲ, ಬೆಂಗಳೂರಿನ ಆಫೀಸಿಗೆ ಪತ್ತಾಕ್ ಹಾಕ್ಕೊಂಡು ಹೋಗೋಕಾಗಲ್ಲ, ಉಂಗುರ ಯಾವ ಊರಲ್ಲೂ ಯಾವ ಜಾತಿಯಲ್ಲೂ ಓದೋಕೆ ಬರುತ್ತೆ, ಅದೇ ಅದರ ಶಕ್ತಿ.

ಈಗ ಅಜ್ಜಿಯ ಪ್ರಶ್ನೆ, ಮಾರಿದ್ರೆ ಎಷ್ಟು? ಚಿನ್ನ ಅಂದ್ರೆ ಕಾಫಿ ಚೆರಿ ಥರ, ಬೆಳಿಗ್ಗೆ ಮೊಬೈಲಲ್ಲಿ ರೇಟ್ ಬರುತ್ತೆ, 916 ಅಂದ್ರೆ ಎಲ್ಲಾ ಕಡೆ 916, ಕರಗಿಸಿದ್ರೆ ಮುಗೀತು. ವಜ್ರ ಬೀಟೆ ಮರದ ದಿಮ್ಮಿ ಥರ, ಪ್ರತಿಯೊಂದೂ ಬೇರೆ, ನೋಡೋವನ ಕಣ್ಣು ಬೇರೆ, ಎಲ್ಲರಿಗೂ ಒಂದೇ ಅನ್ನೋ ರೇಟಿಲ್ಲ. ಅಂಗಡಿಯವನಿಗೆ ಸೂರತ್‌ನಿಂದ ಹೊಸ ಕಲ್ಲು ಹೋಲ್‌ಸೇಲ್‌ನಲ್ಲಿ, ಅದೂ ಸಾಲಕ್ಕೆ ಸಿಗೋವಾಗ (ಪ್ರಪಂಚದ ಹತ್ತು ಕಲ್ಲಲ್ಲಿ ಸುಮಾರು ಒಂಬತ್ತು ಪಾಲಿಶ್ ಆಗೋದು ಅಲ್ಲೇ) ನಿಮ್ಮ ಹಳೇದಕ್ಕೆ ಪೂರ್ತಿ ದುಡ್ಡು ಯಾಕೆ ಕೊಡ್ತಾನೆ? ನಮ್ಮ ಅತ್ತೆ ಒಂದು ಸಲ ಪೆಂಡೆಂಟ್ ಮಾರೋಕೆ ಹೋದಾಗ ಕಲ್ಲು ಬಿಚ್ಚಿ ಕವರ್‌ನಲ್ಲಿ ಹಾಕಿ ಕೈಗೆ ಕೊಟ್ಟು "ಇದನ್ನ ನೀವೇ ಇಟ್ಕೊಳ್ಳಿ ಅಕ್ಕ, ನಾವು ಚಿನ್ನ ಮಾತ್ರ ತಗೋಳೋದು" ಅಂದಿದ್ರಂತೆ, ಆ ಕವರ್ ಇವತ್ತಿಗೂ ಬೀರುವಿನಲ್ಲಿದೆ.

ಇದರ ಮೇಲೆ ಲ್ಯಾಬ್ ಡೈಮಂಡ್ ಬೇರೆ ಬಂತು. ಇದು ನಕಲಿ ಅಲ್ಲ, ಗಮನಿಸಿ. ನಕಲಿ ಅಂದ್ರೆ ಅಮೆರಿಕನ್ ಡೈಮಂಡ್, ಅದು ಜಿರ್ಕೋನಿಯಾ, ಅದರಲ್ಲಿ ಅಮೆರಿಕವೂ ಇಲ್ಲ ಡೈಮಂಡೂ ಇಲ್ಲ. ಲ್ಯಾಬಿಂದು ಅಪ್ಪಟ ಇಂಗಾಲ, ಅದೇ ಜೋಡಣೆ, ಅದೇ ಗಟ್ಟಿ, ಅದೇ ಹೊಳಪು. ಒಂದು ವಿಧಾನದಲ್ಲಿ ಭೂಮಿಯೊಳಗಿನ ಬಿಸಿ, ಒತ್ತಡವನ್ನ ಮೆಷಿನ್ನಲ್ಲಿ ಕೊಡ್ತಾರೆ, ಅಮೆರಿಕದ ಜನರಲ್ ಎಲೆಕ್ಟ್ರಿಕ್‌ನಲ್ಲಿ 1954ರಲ್ಲೇ ಮಾಡಿ ತೋರಿಸಿದ್ರು. ಇನ್ನೊಂದರಲ್ಲಿ ವಜ್ರದ ತೆಳು ಚೂರೊಂದನ್ನ ಬೀಜದ ಥರ ಇಟ್ಟು ಮೀಥೇನ್ ಗ್ಯಾಸ್ ಬಿಟ್ಟು ಪದರ ಪದರವಾಗಿ ಬೆಳೆಸ್ತಾರೆ, ವಾರಗಟ್ಲೆ ಹಿಡಿಯುತ್ತೆ. 2023ರಲ್ಲಿ ಪ್ರಧಾನಿ ಮೋದಿ ಆಗಿನ ಅಮೆರಿಕ ಅಧ್ಯಕ್ಷರ ಹೆಂಡತಿ ಜಿಲ್ ಬೈಡನ್‌ಗೆ ಕೊಟ್ಟ 7.5 ಕ್ಯಾರೆಟ್ ಕಲ್ಲು ಲ್ಯಾಬಿಂದೇ. ಅಂಗಡಿಯ ಟೆಸ್ಟರ್ ಪೆನ್ ನೋಡೋದು ಕಲ್ಲು ಶಾಖವನ್ನ ಎಷ್ಟು ಬೇಗ ಸಾಗಿಸುತ್ತೆ ಅಂತ, ವಜ್ರ ತಾಮ್ರಕ್ಕಿಂತ ನಾಲ್ಕೈದು ಪಟ್ಟು ಜೋರು, ಆದ್ರೆ ಲ್ಯಾಬಿಂದೂ ವಜ್ರವೇ ಆದ್ರಿಂದ ಪೆನ್ ಎರಡಕ್ಕೂ ಕುಂಯ್ ಅನ್ನುತ್ತೆ, ಬೇರೆ ಮಾಡೋಕೆ ಅದಕ್ಕೆ ಅಂತಲೇ ಇರೋ ಮೆಷಿನ್ನೋ ಲ್ಯಾಬೋ ಬೇಕು. ಉತ್ಪಾದನೆ ಜಾಸ್ತಿಯಾಗಿ ಅದರ ರೇಟ್ ಈಚೆಗೆ ಸಿಕ್ಕಾಪಟ್ಟೆ ಇಳಿದಿದೆ. ಅದಕ್ಕೆ ಹೂಡಿಕೆ ಅಂತ ಯಾರಾದ್ರೂ ಲ್ಯಾಬ್ ಡೈಮಂಡ್ ಮಾರೋಕೆ ಬಂದ್ರೆ ಕಾಫಿ ಕೊಟ್ಟು ಕಳಿಸಿ. ಹಾಕ್ಕೊಂಡು ಖುಷಿಪಡೋಕೆ ಅಂದ್ರೆ ಅದು ಬೇರೆ, ಗಣಿಯ ರಕ್ತದ ಕತೆ ಇದಕ್ಕಿಲ್ಲ. ಆಫ್ರಿಕಾದ ಸಿಯೆರಾ ಲಿಯೋನ್ ಥರದ ಕಡೆ ವಜ್ರ ಮಾರಿದ ದುಡ್ಡಲ್ಲೇ ಯುದ್ಧ ನಡೆದು, 2003ರಲ್ಲಿ ಕಿಂಬರ್ಲಿ ಪ್ರೊಸೆಸ್ ಅನ್ನೋ ಸರ್ಟಿಫಿಕೇಟ್ ವ್ಯವಸ್ಥೆ ತರಬೇಕಾಯ್ತು, ಅದರಲ್ಲೂ ತೂತು ಇದೆ.

ತಂಗಿ ಕೊನೆಗೆ ತಗೊಂಡಿದ್ದು ಲ್ಯಾಬಿಂದೇ, ಮೂವತ್ತಲ್ಲ, ಐವತ್ತು ಸೆಂಟ್. ಅಜ್ಜಿ "ಬೆಳೆದಿದ್ದಂತೆ, ಬೆಂಡೆಕಾಯಿ ಥರ" ಅಂತ ಎಲ್ಲರ ಹತ್ರ ಹೇಳ್ಕೊಂಡು ಓಡಾಡಿದ್ರು.

ಹೋದ ಭಾನುವಾರ ಅಜ್ಜಿ ಓಲೆ ತೊಳೆಯೋ ಕೆಲಸ ನನ್ನ ಪಾಲಿಗೆ ಬಂತು. ತಿರುಪು ಬಿಚ್ಚೋಕೆ ಹತ್ತು ನಿಮಿಷ, ಅಂಟುವಾಳಕಾಯಿ ನೆನೆಸಿದ ಬಿಸಿ ನೀರು, ಹಳೇ ಬ್ರಶ್. ವಜ್ರಕ್ಕೆ ನೀರು ಅಂದ್ರೆ ಆಗಲ್ಲ, ಎಣ್ಣೆ ಅಂದ್ರೆ ಪ್ರಾಣ, ತಲೆಗೆ ಹಚ್ಚೋ ಕೊಬ್ಬರಿ ಎಣ್ಣೆ, ಒಗ್ಗರಣೆ ಹೊಗೆ ಎಲ್ಲಾ ಎಳ್ಕೊಂಡು ಮಂಕಾಗುತ್ತೆ. ಕಿಂಬರ್ಲಿ ಗಣಿಯಲ್ಲಿ ಇದನ್ನೇ ಉಪಾಯ ಮಾಡ್ಕೊಂಡು ಗ್ರೀಸ್ ಬಳಿದ ಮೇಜಿನ ಮೇಲೆ ಕಲ್ಲುಮಣ್ಣಿನ ನೀರು ಹರಿಸ್ತಿದ್ರು, ಮಿಕ್ಕ ಕಲ್ಲೆಲ್ಲ ಹರಿದು ಹೋಗೋದು, ವಜ್ರ ಮಾತ್ರ ಗ್ರೀಸಿಗೆ ಅಂಟ್ಕೊಳ್ಳೋದು. ಅಜ್ಜಿದು ಹಿಂದೆ ಮುಚ್ಚಿದ ಹಳೇ ಸೆಟ್ಟಿಂಗ್, ಸಂದಿಯಲ್ಲಿ ನೀರು ನಿಂತ್ರೆ ಒಳಗೆ ಕಪ್ಪಾಗುತ್ತೆ, ಅದ್ಕೆ ಜಾಸ್ತಿ ನೆನೆಸಬಾರದು ಅಂತ ಪಕ್ಕದಲ್ಲೇ ಕೂತು ಬೈತಾ ಇದ್ರು. ಬ್ಲೂ ಜಾಗರ್ ಕಲ್ಲು ಕಣೋ ಅದು ಅಂತ ಅವರ ಹೆಮ್ಮೆ. ದಕ್ಷಿಣ ಆಫ್ರಿಕಾದ ಯಾಗರ್ಸ್‌ಫಾಂಟೇನ್ ಗಣಿಯ ನೀಲಿ ಛಾಯೆಯ ಬಿಳಿ ಕಲ್ಲಿಗೆ ಆ ಹೆಸರು, ಗಣಿ 1971ರಲ್ಲೇ ಮುಚ್ಚಿದೆ, ಅಂಗಡಿಯವರು ಇನ್ನೂ ಹೊಸ ಬ್ಲೂ ಜಾಗರ್ ಮಾರ್ತಾನೇ ಇದ್ದಾರೆ.

ಬಲಗಿವಿಯ ಓಲೆಯಲ್ಲಿ ಒಂದು ಕಲ್ಲು ಬೇರೆ ಥರ ಕಾಣುತ್ತೆ. 2018ರ ಆಗಸ್ಟಲ್ಲಿ ಮಾದಾಪುರದ ಕಡೆ ಗುಡ್ಡ ಕುಸಿದ ರಾತ್ರಿ ನಮ್ಮವರು ಉಟ್ಟ ಬಟ್ಟೆಯಲ್ಲೇ ಬಂದವರು. ಪಾಸ್‌ಬುಕ್ ಇಲ್ಲ, ಜಾಗದ ಪತ್ರ ಇಲ್ಲ, ಬೀರು ಅಲ್ಲೇ. ಕ್ಯಾಂಪಲ್ಲಿ ಬೆಳಕಿಗೆ ನೋಡಿದಾಗ ಅಜ್ಜಿಯ ಎರಡೂ ಕಿವಿಯ ಹದಿನಾಲ್ಕರಲ್ಲಿ ಹದಿಮೂರೇ ಕಲ್ಲಿತ್ತು, ಒಂದು ಎಲ್ಲೋ ಆ ಕೆಸರಲ್ಲಿ ಹೋಗಿತ್ತು. ಮುಂದಿನ ವರ್ಷ ಆಚಾರ್ರು ಅದೇ ಅಳತೆಯ ಹೊಸ ಕಲ್ಲು ಹುಡುಕಿ ಕೂರಿಸಿದ್ರು, ಮೂರು ಸೆಂಟಿಂದು.

ತೊಳೆದು ಒರೆಸಿ ಟ್ಯೂಬ್‌ಲೈಟ್ ಕೆಳಗೆ ಹಿಡಿದ್ರೆ ಹಳೇ ಕಲ್ಲುಗಳು ದೊಡ್ಡ ದೊಡ್ಡ ಮುಖದಲ್ಲಿ ನಿಧಾನಕ್ಕೆ ಮಿಂಚ್ತಿದ್ವು, ಹೊಸದು ಮಾತ್ರ ಸುಮ್ನೆ ಕೂರದೆ ಚಟಚಟ ಅಂತ ಎಲ್ಲಾ ಕಡೆಗೂ ಬೆಳಕು ಉಗುಳ್ತಿತ್ತು. "ಇದೊಂದು ಬಾಯಿಬಡುಕ" ಅಂದ್ರು ಅಜ್ಜಿ. ತಂಗಿ ಬಂದು ತನ್ನ ಬೆರಳನ್ನ ಓಲೆ ಪಕ್ಕ ಇಟ್ಲು. ಅಜ್ಜಿ ಕನ್ನಡಕ ಏರಿಸ್ಕೊಂಡು ಉಂಗುರ ನೋಡಿದ್ರು, ಓಲೆ ನೋಡಿದ್ರು, ಮತ್ತೆ ಉಂಗುರ ನೋಡಿದ್ರು.

"ನಿಂದೂ ಇದ್ರ ಜಾತಿನೇ."